ಹೂತ ಚಕ್ರಕ್ಕೆ ಹಾಸುದಾರಿ ಕಟ್ಟಿಕೊಟ್ಟ ಬೆಂಜಮಿನ್ ಹೋಲ್ಟ್



ಏರುತಗ್ಗಿನ ಹೊಲವನ್ನು ಸಮ ಮಾಡಿಸಲು ಚೈನ್ ಬುಲ್ಡೋಜರನ್ನು ನಿಮ್ಮಲ್ಲಿ ಹಲವರು ಬಾಡಿಗೆಗೆ ತರಿಸಿರಬಹುದು. ಎತ್ತಿನ ಗಾಡಿ ಹೂತುಹೋಗುವ ಕೆಸರಿನಲ್ಲೂ ಟನ್‌ಗಟ್ಟಲೆ ಭಾರದ ಆ ಯಂತ್ರ ಹೂಳದೆ ಸಾಗುತ್ತದೆ. ಇದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು ಬೆಂಜಮಿನ್ ಹೋಲ್ಟ್ ಅವರ ಜೀವನವನ್ನು ತಿಳಿಯಬೇಕು.

ಹೋಲ್ಟ್ ಹುಟ್ಟಿದ್ದು 1849ರ ಜನವರಿ 1ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ. ತಂದೆಯದು ಮರದ ಕೊಯ್ತದ ಕಸುಬು. ಗಾಡಿಗೆ ಬೇಕಾದ ಗಟ್ಟಿ ಮರವನ್ನು ಆರಿಸುವುದು, ಹದ ಮಾಡುವುದು ಅವರಿಗೆ ಮನೆಯಲ್ಲೇ ಬಂದ ವಿದ್ಯೆ. ಅಣ್ಣ ಚಾರ್ಲ್ಸ್ ಮೊದಲೇ ಕ್ಯಾಲಿಫೋರ್ನಿಯಾ ಸೇರಿ ಮರದ ವ್ಯಾಪಾರ ನಡೆಸುತ್ತಿದ್ದರು. ತೇವದ ನಾಡಿನಿಂದ ತಂದ ಗಾಡಿ ಚಕ್ರ ಅಲ್ಲಿನ ಒಣ ಬಿಸಿಲಿಗೆ ಕುಗ್ಗಿ ಸಡಿಲಾಗುತ್ತಿತ್ತು. ಬೇಸಿಗೆಯಲ್ಲಿ ಪಟ್ಟಿ ಕಳಚುವ ಗಾಡಿಗಾಲಿ ಕಂಡವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಮರವನ್ನು ಆ ಹವೆಯಲ್ಲೇ ಒಣಗಿಸಿ ಚಕ್ರ ಮಾಡಲು ಸೋದರರು 1883ರಲ್ಲಿ ಸ್ಟಾಕ್‌ಟನ್ ಪಟ್ಟಣದಲ್ಲಿ ಕಾರ್ಖಾನೆ ತೆರೆದರು. ಅದನ್ನು ನಡೆಸಲು ಬೆಂಜಮಿನ್ ಅಲ್ಲಿಗೆ ಬಂದರು.

ಆಗ ಅಲ್ಲಿ ಗೋಧಿ ಕೊಯ್ದು ಒಕ್ಕುವ ದೊಡ್ಡ ಯಂತ್ರಗಳನ್ನು ಇಪ್ಪತ್ತಕ್ಕೂ ಹೆಚ್ಚು ಕುದುರೆ, ಹೇಸರಗತ್ತೆಗಳು ಎಳೆಯುತ್ತಿದ್ದವು. ನೆಲದ ಮೇಲೆ ಉರುಳುವ ಚಕ್ರವೇ ಹಲ್ಲುಗಾಲಿಗಳ ಮೂಲಕ ಒಳಗಿನ ಭಾಗಗಳನ್ನು ತಿರುಗಿಸುತ್ತಿತ್ತು. ಕುದುರೆಗಳು ಬೆದರಿ ಓಡಿದರೆ ಹಲ್ಲುಗಳು ಮುರಿಯುತ್ತಿದ್ದವು, ಸುಗ್ಗಿಯ ನಡುವೆ ಕೆಲಸ ನಿಲ್ಲುತ್ತಿತ್ತು. ಹೋಲ್ಟ್ 1886ರಲ್ಲಿ ಮಾರಾಟಕ್ಕೆ ತಂದ ಯಂತ್ರದಲ್ಲಿ ಹಲ್ಲುಗಾಲಿಯ ಬದಲು ಕೊಂಡಿ ಸರಪಳಿ ಇತ್ತು. ಕೊಂಡಿ ಮುರಿದರೆ ಹೊಲದಲ್ಲೇ ಬೇರೊಂದನ್ನು ಹಾಕಬಹುದಾಗಿತ್ತು. ಮುರಿಯುವುದನ್ನು ಪೂರ್ತಿ ತಪ್ಪಿಸಲಾಗದಿದ್ದರೆ, ಮುರಿದದ್ದನ್ನು ರೈತನೇ ಸರಿಪಡಿಸುವಂತಿರಲಿ ಎಂಬುದು ಅವರ ಕೆಲಸದ ರೀತಿ.

1890ರಲ್ಲಿ ಹೋಲ್ಟ್ ಉಗಿಯಂತ್ರದ ಟ್ರ್ಯಾಕ್ಟರ್ ಕಟ್ಟಿದರು. ಅದರ ತೂಕ 24 ಟನ್. ಗಟ್ಟಿ ನೆಲದಲ್ಲಿ ಅದು ಬಲಶಾಲಿ. ಆದರೆ ಸ್ಟಾಕ್‌ಟನ್ ಸುತ್ತಿನ ನದೀಮುಖಜ ಭೂಮಿಯ ಮಣ್ಣು ಕೊಳೆತ ಜೊಂಡಿನಿಂದಾದದ್ದು. ಬಲು ಫಲವತ್ತು, ಬಲು ಮೆತ್ತಗೆ. ಅಲ್ಲಿ ಕುದುರೆಯ ಕಾಲೂ ಹೂಳುತ್ತಿತ್ತು. ಭಾರ ಹಂಚಲು ಚಕ್ರವನ್ನು ಅಗಲ ಮಾಡುತ್ತಾ ಹೋದಂತೆ ಒಂದು ಟ್ರ್ಯಾಕ್ಟರಿನ ಅಗಲ 46 ಅಡಿಗೆ ಮುಟ್ಟಿತು! ತಿರುಗಿಸುವುದೂ ಕಷ್ಟ, ಖರ್ಚೂ ಹೆಚ್ಚು.

ಅಗಲ ಸಾಕು, ಉದ್ದಕ್ಕೆ ಹಂಚೋಣ ಎಂದು ಹೋಲ್ಟ್ ಯೋಚಿಸಿದರು. ಹಿಂದಿನ ಚಕ್ರ ತೆಗೆದು, ಸರಪಳಿಗೆ ಮರದ ಹಲಗೆ ಜೋಡಿಸಿದ 9 ಅಡಿ ಉದ್ದದ ಪಟ್ಟಿ ಹಾಕಿದರು. ಯಂತ್ರ ತನ್ನ ದಾರಿಯನ್ನು ತಾನೇ ಹಾಸಿಕೊಂಡು, ದಾಟಿ, ಮತ್ತೆ ಎತ್ತಿಕೊಳ್ಳುತ್ತಿತ್ತು. 1904ರ ನವೆಂಬರ್ 24ರಂದು ರಾಬರ್ಟ್ಸ್ ದ್ವೀಪದ ಮೆತ್ತನೆ ಹೊಲದಲ್ಲಿ ಅದು ಹೂಳದೆ ನಡೆಯಿತು. ಪಟ್ಟಿಯ ಮೇಲೆ ಯಂತ್ರ ಓಡಿಸಿದವರಲ್ಲಿ ಹೋಲ್ಟ್ ಮೊದಲಿಗರಲ್ಲ. ಮರದ ದಿಮ್ಮಿ ಎಳೆಯುವ ಇಂಥ ಯಂತ್ರಕ್ಕೆ ಲೊಂಬಾರ್ಡ್ ಎಂಬವರು 1901ರಲ್ಲೇ ಪೇಟೆಂಟ್ ಪಡೆದಿದ್ದರು. ಹೊಲದ ಕೆಲಸಕ್ಕೆ ಅದನ್ನು ಒಗ್ಗಿಸಿ, ವ್ಯಾಪಾರದಲ್ಲಿ ನಿಲ್ಲಿಸಿದ್ದು ಹೋಲ್ಟರ ಸಾಧನೆ. ಅದರ ನಡಿಗೆ ಕಂಬಳಿಹುಳುವಿನಂತಿದೆ ಎಂದು ಛಾಯಾಗ್ರಾಹಕರೊಬ್ಬರು ಹೇಳಿದ ಮಾತೇ ಕ್ಯಾಟರ್‌ಪಿಲ್ಲರ್ ಎಂಬ ಹೆಸರಾಯಿತು. 1910ರಲ್ಲಿ ಅದು ನೋಂದಣಿಯಾಯಿತು.

ಮೊದಲ ಮಹಾಯುದ್ಧದಲ್ಲಿ ಹೋಲ್ಟ್ ಟ್ರ್ಯಾಕ್ಟರುಗಳು ಫಿರಂಗಿ ಎಳೆದವು. 1920ರ ಡಿಸೆಂಬರ್ 5ರಂದು ಹೋಲ್ಟ್ ತೀರಿಕೊಂಡರು. 1925ರಲ್ಲಿ ಅವರ ಕಂಪನಿ ಬಹುಕಾಲದ ಎದುರಾಳಿ ಬೆಸ್ಟ್ ಕಂಪನಿಯೊಡನೆ ಸೇರಿ ಕ್ಯಾಟರ್‌ಪಿಲ್ಲರ್ ಕಂಪನಿಯಾಯಿತು. ಟ್ರ್ಯಾಕ್ಟರಿನ ಮುಂದೆ ಮಣ್ಣು ತಳ್ಳುವ ಅಲಗು ಕೂಡಿಸುವ ಕೆಲಸವನ್ನು 1923ರಲ್ಲಿ ಕಾನ್ಸಾಸ್ ರಾಜ್ಯದ ರೈತ ಕಮಿಂಗ್ಸ್ ಮತ್ತು ನಕ್ಷೆಗಾರ ಮೆಕ್ಲಿಯೋಡ್ ಮಾಡಿದರು. ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಬುಲ್ಡೋಜರ್ ತಯಾರಿಸುವ ಬಿ.ಇ.ಎಂ.ಎಲ್. ಸ್ಥಾಪನೆಯಾದದ್ದು 1964ರಲ್ಲಿ.

ಹೋಲ್ಟರಂತೆ ಮುರಿಯುವ ಜಾಗ ಯಾವುದೆಂದು ನೋಡುವ ಕಣ್ಣು ನಿಮಗೂ ಇರಲಿ. ಒಮ್ಮೆ ಒಬ್ಬ ರೈತರು ಗಂಟೆ ಲೆಕ್ಕದಲ್ಲಿ ಹಳೆಯ ಬುಲ್ಡೋಜರ್ ತರಿಸಿದ್ದರು. ಎಂಜಿನ್ ಆರ್ಭಟಿಸುತ್ತಿತ್ತು, ಮಣ್ಣು ಮಾತ್ರ ಸರಿಯುತ್ತಿರಲಿಲ್ಲ. ನಾನು ಹೋಗುವಷ್ಟರಲ್ಲಿ ಅರ್ಧ ದಿನದ ಬಾಡಿಗೆ ಮಣ್ಣುಪಾಲಾಗಿತ್ತು. ದೋಷ ಇದ್ದದ್ದು ಮುಖ್ಯ ಕ್ಲಚ್ಚಿನಲ್ಲಿ.

ಕ್ಲಚ್ ಮತ್ತು ಸನ್ನೆಗೋಲುಗಳಿರುವ ಹಳೆಯ ಯಂತ್ರಗಳಲ್ಲಿ ಹೀಗೆ ಗುರುತಿಸಿ. ಎಂಜಿನ್ ವೇಗ ಇಳಿಯದೆ, ಭಾರ ಬಿದ್ದೊಡನೆ ಎರಡೂ ಪಟ್ಟಿ ನಿಂತರೆ ಮುಖ್ಯ ಕ್ಲಚ್ ಜಾರುತ್ತಿದೆ. ಭಾರ ತಳ್ಳುವಾಗ ಯಂತ್ರ ತಾನಾಗಿ ಒಂದೇ ಕಡೆಗೆ ಎಳೆದರೆ ಆ ಬದಿಯ ಸ್ಟಿಯರಿಂಗ್ ಕ್ಲಚ್ ಜಾರುತ್ತಿರಬಹುದು, ಇಲ್ಲವೇ ಬ್ರೇಕ್ ಹಿಡಿದುಕೊಂಡಿರಬಹುದು. ಆ ಬದಿ ಅತಿಯಾಗಿ ಕಾದರೆ ಮೊದಲು ಬ್ರೇಕ್ ನೋಡಿಸಿ. ಒಣ ಕ್ಲಚ್ಚಿಗೆ ಸೀಲಿನಿಂದ ಎಣ್ಣೆ ಸೋರಿದರೂ ಜಾರುತ್ತದೆ. ಆಗ ಬಿಗಿ ಮಾಡಿ ಫಲವಿಲ್ಲ. ಸನ್ನೆಗೋಲು ಪೂರ್ತಿ ಎಳೆದರೂ ಯಂತ್ರ ತಿರುಗದಿದ್ದರೆ ಆ ಬದಿಯ ಕ್ಲಚ್ ಬಿಡುತ್ತಿಲ್ಲ ಅಥವಾ ಬ್ರೇಕ್ ಹಿಡಿಯುತ್ತಿಲ್ಲ. ತಪಾಸಣೆಗೆ ಮುನ್ನ ಅಲಗನ್ನು ನೆಲಕ್ಕೆ ಇಳಿಸಿ ಎಂಜಿನ್ ನಿಲ್ಲಿಸಲೇಬೇಕು.

ಕೊನೆಯದಾಗಿ ಪ್ರಾಣಕ್ಕೆ ಸಂಬಂಧಿಸಿದ ಮಾತು. ಕಡಿದಾದ ಇಳಿಜಾರಿನಲ್ಲಿ ಇಳಿಯುವಾಗ ಬ್ರೇಕ್ ಹಾಕದೆ ಬರೀ ಸ್ಟಿಯರಿಂಗ್ ಕ್ಲಚ್ ಎಳೆದರೆ ಆ ಬದಿಯ ಪಟ್ಟಿಯೇ ವೇಗವಾಗಿ ಓಡಿ ಯಂತ್ರ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಏರಿಯ ಮೇಲೆ, ಬದುವಿನ ಅಂಚಿನಲ್ಲಿ ಕೆಲಸ ನಡೆಯುವಾಗ ಮಕ್ಕಳನ್ನೂ ದನಗಳನ್ನೂ ದೂರವಿರಿಸಿ, ನೀವೂ ದೂರ ನಿಲ್ಲಿ. ದೋಷವಿರುವ ಯಂತ್ರವನ್ನು ಬಾಡಿಗೆಯ ಆಸೆಗೂ ಕೆಲಸದ ಆತುರಕ್ಕೂ ಇಳಿಜಾರಿಗೆ ಇಳಿಸಬೇಡಿ.