ಬಸ್ಸಿನ ಸೀಟು ಬಿಟ್ಟೇಳದ ಜಾಕಿ

ಜಯಂತಿ ಬಂತೆಂದರೆ ನಮ್ಮ ಶಾಲೆಗಳಲ್ಲಿ ಪ್ರಬಂಧ ಸ್ಪರ್ಧೆ, ಚಿತ್ರ ಸ್ಪರ್ಧೆ ಇದ್ದದ್ದೇ. ಮಕ್ಕಳು ಮೇಷ್ಟ್ರು ಹೇಳಿಕೊಟ್ಟದ್ದನ್ನು ಉರು ಹೊಡೆದು ಬರೆಯುತ್ತವೆ. ಸ್ಟೀಲ್ ಲೋಟ ಬಹುಮಾನ ತಗೊಂಡು ಮನೆಗೆ ಬರುತ್ತವೆ. ಮಹಾಪುರುಷರು ವಾಪಸು ಗೋಡೆ ಸೇರುತ್ತಾರೆ. ಮುಗೀತು.

ಅಮೆರಿಕದಲ್ಲಿ 1997ರಲ್ಲಿ ಶುರುವಾದ ಒಂದು ಮಕ್ಕಳ ಪ್ರಬಂಧ ಸ್ಪರ್ಧೆಯ ರೀತಿಯೇ ಬೇರೆ. ಅಲ್ಲಿ ಮಹಾಪುರುಷನನ್ನು ಹೊಗಳಿದರೆ ಸಾಲದು. ನಿನ್ನ ದಾರಿಗೆ ಅಡ್ಡ ಬಂದದ್ದು ಏನು, ಅದನ್ನು ಹೇಗೆ ದಾಟಿದೆ ಅಂತ ಬರೆಯಬೇಕು. ಸ್ಪರ್ಧೆ ಯಾರ ನೆನಪಿಗೆ ಗೊತ್ತೇ? ಜಾಕಿ ರಾಬಿನ್ಸನ್.

ಯಾರಪ್ಪಾ ಈ ಜಾಕಿ ಅಂತೀರಾ? ಬೇಸ್‌ಬಾಲ್ ಆಟಗಾರ. ನಮಗೆ ಕ್ರಿಕೆಟ್ ಹೇಗೋ ಅಲ್ಲಿನವರಿಗೆ ಬೇಸ್‌ಬಾಲ್ ಹಾಗೆ. 1919ರಲ್ಲಿ ಜಾರ್ಜಿಯಾ ರಾಜ್ಯದ ಕೈರೋ ಊರಿನ ಬಳಿ, ಕಪ್ಪು ಜನಾಂಗದ ಬಡ ಗೇಣಿದಾರರ ಮನೆಯಲ್ಲಿ ಹುಟ್ಟಿದ. ಅಪ್ಪ ಮನೆ ಬಿಟ್ಟು ಹೋದ. ತಾಯಿ ಮ್ಯಾಲಿ ಐದು ಮಕ್ಕಳನ್ನು ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದು, ಕಂಡವರ ಮನೆಗೆಲಸ ಮಾಡಿ ಸಾಕಿದಳು. ಅಣ್ಣ ಮ್ಯಾಕ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಜೆಸ್ಸಿ ಓವೆನ್ಸ್‌ನ ಬೆನ್ನಿಗೇ ಓಡಿ 200 ಮೀಟರ್‌ನ ಬೆಳ್ಳಿ ಗೆದ್ದವನು.

ಬಸ್ಸಿನಲ್ಲಿ ಕೂತು ಓದುತ್ತಿರುವವರು ಈಗ ಸ್ವಲ್ಪ ಗಮನ ಕೊಡಿ. 1944ರಲ್ಲಿ ಜಾಕಿ ಸೈನ್ಯದಲ್ಲಿ ಲೆಫ್ಟಿನೆಂಟ್. ಟೆಕ್ಸಾಸ್‌ನ ಸೈನಿಕ ಶಿಬಿರದ ಬಸ್ಸಿನಲ್ಲಿ ಕೂತಿದ್ದವನನ್ನು ಡ್ರೈವರ್ ಎದ್ದು ಹಿಂದಕ್ಕೆ ಹೋಗು ಅಂತ ಗದರಿದ. ಕಪ್ಪು ಜನರಿಗೆ ಬಸ್ಸಿನ ಹಿಂಭಾಗವೇ ಗತಿ ಅನ್ನುವ ಕಾಲ. ಜಾಕಿ ಏಳಲಿಲ್ಲ. ಕೋರ್ಟ್ ಮಾರ್ಷಲ್ ಆಯಿತು, ಖುಲಾಸೆಯೂ ಆಯಿತು.

ಇಂಥ ರೋಷದ ಆಸಾಮಿಗೆ ಮರುವರ್ಷ ಬಂದ ಪರೀಕ್ಷೆ ನೋಡಿ. ದೊಡ್ಡ ಲೀಗಿನ ಬಾಗಿಲು ಸುಮಾರು 60 ವರ್ಷದಿಂದ ಕಪ್ಪು ಆಟಗಾರರಿಗೆ ಮುಚ್ಚಿತ್ತು. ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಬ್ರಾಂಚ್ ರಿಕಿ ಬಾಗಿಲು ತೆರೆಯುತ್ತೇನೆ ಅಂದ, ಆದರೆ ಒಂದು ಷರತ್ತು: ಯಾರು ಏನೇ ಅಂದರೂ ತಿರುಗಿ ಬೀಳಬಾರದು. ಜಾಕಿ ಒಪ್ಪಿದ. 1947ರ ಏಪ್ರಿಲ್ 15ರಂದು ಮೈದಾನಕ್ಕೆ ಇಳಿದ. ಎದುರಾಳಿಗಳ ಬೈಗುಳ, ಕೊಲೆ ಬೆದರಿಕೆಯ ಪತ್ರ, ಮೈಗೆ ಗುರಿಯಿಟ್ಟ ಚೆಂಡು, ಹೋಟೆಲಿನಲ್ಲಿ ರೂಮಿಲ್ಲ. ಎಲ್ಲವನ್ನೂ ನುಂಗಿದ. ಉತ್ತರ ಹೇಳಿದ್ದು ಬ್ಯಾಟು, ಕಾಲು. ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಅವನೇ. 1949ರಲ್ಲಿ ತನ್ನ ಲೀಗಿನ ಅತ್ಯಮೂಲ್ಯ ಆಟಗಾರನೂ ಅವನೇ.

ಸುಮ್ಮನಿದ್ದದ್ದು ಹೇಡಿತನದಿಂದಲ್ಲ, ಹಿಂದೆ ಬರುವವರಿಗೆ ಬಾಗಿಲು ಮತ್ತೆ ಮುಚ್ಚಬಾರದೆಂದು. ಷರತ್ತಿನ ಕಾಲ ಮುಗಿದ ಮೇಲೆ ಬಾಯಿ ಬಿಟ್ಟೇ ಮಾತಾಡಿದ. 1963ರ ವಾಷಿಂಗ್ಟನ್ ಮೆರವಣಿಗೆಯಲ್ಲೂ ಇದ್ದ. 1972ರ ಅಕ್ಟೋಬರಿನಲ್ಲಿ ತನಗೆ ನಡೆದ ಸನ್ಮಾನದಲ್ಲೇ, ತಂಡದ ಮ್ಯಾನೇಜರ್ ಆಗಿ ಕಪ್ಪು ಮನುಷ್ಯನನ್ನು ಕಾಣುವ ಆಸೆ ಹೇಳಿಕೊಂಡ. ಒಂಬತ್ತು ದಿನಕ್ಕೆ ತೀರಿಕೊಂಡ. ವಯಸ್ಸು 53. ಆಸೆ ಕೈಗೂಡಿದ್ದು 1975ರಲ್ಲಿ.

ಅವನು ತೊಟ್ಟ 42ರ ಅಂಕಿಯನ್ನು 1997ರಲ್ಲಿ ಎಲ್ಲ ತಂಡಗಳೂ ಅವನ ಗೌರವಕ್ಕೆ ತೆಗೆದಿಟ್ಟವು. ಅದೇ ವರ್ಷ ಮಗಳು ಶರೋನ್ ಲೀಗಿನೊಡನೆ ಸೇರಿ ಸ್ಪರ್ಧೆ ಶುರುಮಾಡಿದಳು. ಧೈರ್ಯ, ಛಲ, ನ್ಯಾಯ, ಒಗ್ಗಟ್ಟು ಸೇರಿ ಅಪ್ಪನ ಒಂಬತ್ತು ಗುಣಗಳನ್ನು ಹೆಸರಿಸಿ, ಮಕ್ಕಳ ಮುಂದಿಟ್ಟಳು.

ಎರಡು ಲೋಟದ ಪದ್ಧತಿ ಕಂಡ ನಾಡು ನಮ್ಮದು. ನಮ್ಮ ಮಕ್ಕಳ ದಾರಿಗೂ ಅಡ್ಡಗೋಡೆಗಳಿವೆ. ಮುಂದಿನ ಜಯಂತಿಗೆ ಮೇಷ್ಟ್ರು ಆ ಪ್ರಶ್ನೆ ಕೊಡಲಿ. ಉರು ಹೊಡೆಯಲು ಆಗದ ಉತ್ತರ ಬಂದೀತು. ಓದುವ ಧೈರ್ಯ ನಮಗಿರಬೇಕು, ಅಷ್ಟೆ.