ಜಾನ್ ಸ್ಕಾಟ್ ಹಾಲ್ಡೇನ್: ನಮ್ಮ ಗ್ಯಾಸ್ ಗೀಸರಿಗೂ ಒಬ್ಬ ಮೇಷ್ಟ್ರು

ಈ ಸಲದ ವಿಜ್ಞಾನಿ ಪರಿಚಯಕ್ಕೆ ನಾವು ಆರಿಸಿಕೊಂಡಿದ್ದು ಜಾನ್ ಸ್ಕಾಟ್ ಹಾಲ್ಡೇನ್ ಅವರನ್ನು. 1860ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದ ಇವರಿಗೂ ಮಂಡ್ಯಕ್ಕೂ ಏನಪ್ಪಾ ಸಂಬಂಧ ಅಂತೀರಾ? ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ರೂಮು ಮಾಡ್ಕೊಂಡಿರೋ ಎಷ್ಟೋ ಹುಡುಗರು ಬೆಳಗ್ಗೆ ಎದ್ದು ಹಚ್ಚೋದು ಗ್ಯಾಸ್ ಗೀಸರು. ಅದರಿಂದ ಜೀವಕ್ಕೆ ಬರುವ ಅಪಾಯ ಎಂಥದ್ದು ಅನ್ನೋದನ್ನ ತಮ್ಮ ಮೈಮೇಲೇ ಅಳೆದು ತೋರಿಸಿದವರು ಈ ಹಾಲ್ಡೇನ್.

ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ 1884ರಲ್ಲಿ ಪದವಿ ಪಡೆದರೂ ಅವರು ಹಿಡಿದದ್ದು ಗಾಳಿಯ ಬೆನ್ನು. ಡಂಡೀ ಊರಿನ ಬಡವರ ಮನೆಗಳಿಗೆ ರಾತ್ರಿ ಹೊತ್ತು ಹೋಗಿ, ಒಂದೇ ಕೋಣೆಯಲ್ಲಿ ಮಲಗಿದವರು ಎಂಥ ಗಾಳಿ ಉಸಿರಾಡ್ತಾರೆ ಅಂತ ಪರೀಕ್ಷೆ ಮಾಡಿದರು. ಶಾಲೆ, ಚರಂಡಿ ಯಾವುದನ್ನೂ ಬಿಡಲಿಲ್ಲ. ಆಮೇಲೆ ಆಕ್ಸ್‌ಫರ್ಡ್ ಸೇರಿದರು.

1895ರಲ್ಲಿ ಅವರು ಮಾಡಿದ ಕೆಲಸ ಈಗ ಓದಿದರೂ ಮೈ ಜುಂ ಅನ್ನುತ್ತೆ. ಕಾರ್ಬನ್ ಮಾನಾಕ್ಸೈಡ್ ಬೆರೆಸಿದ ಗಾಳಿಯನ್ನು ತಾವೇ ಉಸಿರಾಡುತ್ತಾ, ನಡುನಡುವೆ ರಕ್ತ ಪರೀಕ್ಷಿಸುತ್ತಾ, ಏನೇನಾಗುತ್ತೆ ಅಂತ ಬರೆದಿಟ್ಟರು. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಈ ಅನಿಲ ಹಿಡಿದುಕೊಳ್ಳುವವರೆಗೂ ಪ್ರಯೋಗ ನಿಲ್ಲಿಸಲಿಲ್ಲ. ಅವರು ಕಂಡುಕೊಂಡ ಮುಖ್ಯ ಸಂಗತಿ ಇದು: ಸುಮ್ಮನೆ ಕೂತವನಿಗೆ ತನಗೇನೋ ಆಗ್ತಿದೆ ಅಂತ ಗೊತ್ತೇ ಆಗಲ್ಲ. ಎದ್ದು ನಡೆಯೋಕೆ ಹೋದಾಗ ಕಾಲು ಕುಸಿಯುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಿಗಿಯಲ್ಲಿ ಇದು ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತೆ.

ಮರುವರ್ಷ, 1896ರ ಜನವರಿಯಲ್ಲಿ, ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿ ಸ್ಫೋಟದಲ್ಲಿ 57 ಮಂದಿ ಸತ್ತರು. ಹಾಲ್ಡೇನ್ ಹೋಗಿ ಶವಗಳನ್ನು ಪರೀಕ್ಷಿಸಿದಾಗ, ಬಹುಪಾಲು ಜನರನ್ನು ಕೊಂದದ್ದು ಸ್ಫೋಟವಲ್ಲ, ಅದರ ನಂತರ ಸುರಂಗದಲ್ಲಿ ತುಂಬಿದ ಕಾರ್ಬನ್ ಮಾನಾಕ್ಸೈಡ್ ಅಂತ ಗೊತ್ತಾಯಿತು. ದೀಪ ಉರೀತಿದ್ದರೆ ಗಾಳಿ ಸರಿಯಿದೆ ಅನ್ನೋ ನಂಬಿಕೆ ಇಲ್ಲಿ ಕೆಲಸಕ್ಕೆ ಬರಲ್ಲ. ಮನುಷ್ಯನನ್ನು ಕೊಲ್ಲುವಷ್ಟು ವಿಷ ಇದ್ದರೂ ದೀಪ ಆರಲ್ಲ. ಅದಕ್ಕೇ ಗಣಿಯೊಳಕ್ಕೆ ಇಲಿ, ಕ್ಯಾನರಿ ಹಕ್ಕಿಯಂಥ ಪುಟ್ಟ ಜೀವಿಗಳನ್ನು ಒಯ್ಯಿರಿ ಅಂತ ಅವರು ಸಲಹೆ ಕೊಟ್ಟರು. ಅವುಗಳ ಉಸಿರಾಟ ಚುರುಕು, ಹಾಗಾಗಿ ನಮಗಿಂತ ಮೊದಲೇ ತೂಕಡಿಸಿ ಬೀಳ್ತವೆ.

ಮಗನಿಗೂ ಪಾಠ ಗಣಿಯಲ್ಲೇ. ಮೀಥೇನ್ ತುಂಬಿದ ಜಾಗದಲ್ಲಿ ಹುಡುಗನನ್ನು ನಿಲ್ಲಿಸಿ ನಾಟಕದ ಮಾತು ಒಪ್ಪಿಸೋಕೆ ಹೇಳಿದರು. ಸ್ವಲ್ಪ ಹೊತ್ತಿಗೆ ಹುಡುಗ ಏದುಸಿರು ಬಿಟ್ಟು ಕುಸಿದ. ನೆಲದ ಹತ್ತಿರದ ಗಾಳಿ ಚೆನ್ನಾಗಿದ್ದರಿಂದ ಚೇತರಿಸಿಕೊಂಡ. ಮೀಥೇನ್ ಹಗುರ, ಮೇಲೇರುತ್ತೆ ಅನ್ನೋದು ಅವನಿಗೆ ಜನ್ಮದಲ್ಲಿ ಮರೆಯಲಿಲ್ಲ. ಮುಂದೆ ಭಾರತಕ್ಕೆ ಬಂದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನ್ ಇವರೇ.

ಈ ಪಾಠವನ್ನು ನಮ್ಮ ಬಾತ್‌ರೂಮಿಗೆ ತರೋಣ. ನಮ್ಮ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿಯುತ್ತೆ. ಕಾರ್ಬನ್ ಮಾನಾಕ್ಸೈಡ್ ಹೆಚ್ಚುಕಮ್ಮಿ ಗಾಳಿಯಷ್ಟೇ ತೂಕ. ಬಗ್ಗಿದರೂ ನಿಂತರೂ ತಪ್ಪಿಸಿಕೊಳ್ಳೋಕೆ ಆಗಲ್ಲ. ಒಂದು ಕೆಜಿ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 15 ಕೆಜಿ ಗಾಳಿ ಬೇಕು, ಅಂದರೆ 12-13 ಘನ ಮೀಟರು. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಾತ್‌ರೂಮಿನಲ್ಲಿ ಇರೋದು ಐದೂವರೆ ಘನ ಮೀಟರ್ ಕೂಡ ಇಲ್ಲ. ಗಾಳಿ ಸಾಲದಿದ್ದರೆ ಉರಿ ಅರೆಬರೆಯಾಗಿ ಮಾನಾಕ್ಸೈಡ್ ಹುಟ್ಟುತ್ತೆ. ನಮ್ಮ ಕಡೆಯ ಆಲೆಮನೆಯಲ್ಲಿ ಒಲೆಗೆ ಹೊಗೆಗೂಡು ಇರುತ್ತೆ. ಊರಿನ ಬಚ್ಚಲುಮನೆಯ ಹಂಡೆ ಒಲೆಗೂ ಹೊಗೆ ಹೋಗೋ ದಾರಿ ಬಿಟ್ಟಿರ್ತಾರೆ. ಗೀಸರಿನ ಹೊಗೆ ಕಣ್ಣಿಗೆ ಕಾಣಲ್ಲ ಅಂತ ನಾವು ಆ ದಾರಿಯನ್ನೇ ಮರೀತೀವಿ.

ಹಾಗಾಗಿ ಇಷ್ಟು ಮಾಡಿ. ಗೀಸರು, ಸಿಲಿಂಡರು ಎರಡೂ ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಕಡೆ ಇರಲಿ. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಹೊಗೆ ಕೊಳವೆ ಇರುವ ಮಾದರಿಯಾದರೆ ಅದು ಬಯಲಿಗೇ ತೆರೆದಿರಬೇಕು. ಜೇಡರ ಬಲೆ, ಹಕ್ಕಿ ಗೂಡು ಕಟ್ಟಿದೆಯಾ ನೋಡಿ. ಚಳಿ ಅಂತ ಕಿಟಕಿಗೆ ಪೇಪರ್ ಅಂಟಿಸಬೇಡಿ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲಾ ಅಂತ ನಂಬಿ ಕೂರಬೇಡಿ: ಒಳಗೆ ಗಾಳಿ ಬರಲು ದಾರಿ ಇಲ್ಲದಿದ್ದರೆ ಅದು ಕೊಳವೆಯ ಹೊಗೆಯನ್ನೇ ವಾಪಸ್ ಎಳೆದೀತು. ವರ್ಷಕ್ಕೊಮ್ಮೆ ಮೆಕ್ಯಾನಿಕ್ ಕರೆಸಿ ಬರ್ನರು ಮತ್ತು ಒಳಗಿನ ಮಸಿ ಕ್ಲೀನ್ ಮಾಡಿಸಿ. ಉರಿ ನೀಲಿ ಇರಬೇಕು. ಹಳದಿಯಾದರೆ ಆಫ್ ಮಾಡಿ ಸರ್ವಿಸ್ ಮಾಡಿಸಿ. ಗ್ಯಾಸ್ ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ಐಎಸ್‌ಐ ಗುರುತಿನ ಪೈಪನ್ನೂ ಐದು ವರ್ಷಕ್ಕೆ ಬದಲಾಯಿಸಿ. ಗೀಸರು ಇನ್ನೂ ಒಳಗೇ ಇದ್ದರೆ ಓನರ್‌ಗೆ ಹೇಳಿ ಹೊರಗೆ ಹಾಕಿಸೋ ತನಕ ಅದನ್ನ ಹಚ್ಚಬೇಡಿ.

ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು, ಕಾಲಲ್ಲಿ ಬಲವಿಲ್ಲ ಅನ್ನಿಸಿದರೆ ತಕ್ಷಣ ಹೊರಗೆ ಬನ್ನಿ. ರೂಮ್‌ಮೇಟ್ ಬಾಗಿಲು ತಟ್ಟಿದರೂ ಓಗೊಡದಿದ್ದರೆ ಕಾಯಬೇಡಿ. ಬಾಗಿಲು ಒಡೆದು ಬಯಲಿಗೆ ತನ್ನಿ, ಗ್ಯಾಸ್ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ, ಸಾಮಾನ್ಯ ಆಕ್ಸಿಮೀಟರಿಗೆ ಮಾನಾಕ್ಸೈಡ್ ಹಿಡಿದ ರಕ್ತದ ವ್ಯತ್ಯಾಸ ತಿಳಿಯಲ್ಲ. ಆಸ್ಪತ್ರೆಯಲ್ಲಿ ಕೊಡೋ ಆಮ್ಲಜನಕವೇ ಮದ್ದು. ಆಮ್ಲಜನಕ ಹೆಚ್ಚಿದಷ್ಟೂ ಈ ವಿಷದ ಹಿಡಿತ ಸಡಿಲುತ್ತೆ ಅನ್ನೋದನ್ನೂ ಹಾಲ್ಡೇನ್ ಅವರೇ ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದರು.

ಮುಳುಗುಗಾರರಿಗೆ ಹಂತಹಂತವಾಗಿ ಮೇಲೇಳುವ ಕೋಷ್ಟಕ ಮಾಡಿಕೊಟ್ಟವರೂ, ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ತನಿಖೆಗೆ ಹೋದವರೂ ಇವರೇ. 75 ತುಂಬಿದ ಮೇಲೂ ಪರ್ಷಿಯಾದ ತೈಲ ಘಟಕಗಳಲ್ಲಿ ಕಾರ್ಮಿಕರಿಗೆ ಬಿಸಿಲಾಘಾತ ಯಾಕಾಗ್ತಿದೆ ಅಂತ ನೋಡಿಬಂದು, 1936ರ ಮಾರ್ಚ್‌ನಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿಗಳ ಜಾಗಕ್ಕೆ ಯಂತ್ರ ಬಂದದ್ದು 1986ರ ನಂತರ. ಅಂಥದ್ದೇ ಪುಟ್ಟ ಅಲಾರಂ ಈಗ ಆನ್‌ಲೈನಿನಲ್ಲೂ ಸಿಗುತ್ತೆ. ರೂಮಿನವರೆಲ್ಲ ಸೇರಿ ಒಂದು ತಂದು ಹಾಕ್ಕೊಳ್ಳಿ.