ಪಂಡಿತಾ ರಮಾಬಾಯಿಯವರು

ತುಂಗಾ, ಭದ್ರಾ, ನೇತ್ರಾವತೀ ನದಿಗಳು ಉದಿಸುವ ಗಂಗಾಮೂಲದ ಕಾಡಿನಲ್ಲಿ 1858ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಒಂದು ಹೆಣ್ಣುಮಗುವು ಜನಿಸಿತು. ಆರು ತಿಂಗಳ ಆ ಶಿಶುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿ, ತಂದೆತಾಯಿಗಳು ಬೆಟ್ಟದಿಂದಿಳಿದು ಯಾತ್ರೆಗೆ ಹೊರಟರು. ಅಂದಿನಿಂದ ಅನೇಕ ವರ್ಷಗಳವರೆಗೆ ಆಕೆಗೆ ಮನೆಯೆಂಬುದಿರಲಿಲ್ಲ. ಮುಂದೆ ಸಾವಿರಾರು ಅನಾಥ ಬಾಲಿಕೆಯರಿಗೆ ಮನೆಯನ್ನೂ ಜೀವನೋಪಾಯವನ್ನೂ ಒದಗಿಸಿಕೊಟ್ಟ ಪಂಡಿತಾ ರಮಾಬಾಯಿಯವರು ಇವರೇ. ಘಟ್ಟದ ಕೆಳಗೆ ಕಾರ್ಕಳದ ಬಳಿಯ ಮಾಳ ಗ್ರಾಮವು ಇವರ ಪಿತೃಗಳ ಊರೆಂಬುದನ್ನು ನಮ್ಮಲ್ಲಿ ಅನೇಕರು ಅರಿಯದಿರುವುದು ಸೋಜಿಗವೇ ಸರಿ.

ತಂದೆ ಅನಂತಶಾಸ್ತ್ರಿ ಡೋಂಗರೆಯವರು ಪತ್ನಿಗೆ ಸಂಸ್ಕೃತವನ್ನು ಕಲಿಸಿ ಬಂಧುಜನರ ನಿಂದೆಗೆ ಗುರಿಯಾದವರು. ಆ ತಾಯಿ ಲಕ್ಷ್ಮೀಬಾಯಿಯೇ ಮಗಳಿಗೆ ಗುರುವಾದಳು. ಬೆಳಗಿನ ಜಾವದಲ್ಲಿ ನಿದ್ದೆಗಣ್ಣಿನ ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಆಕೆಯು ಪಾಠ ಹೇಳುತ್ತಿದ್ದಳಂತೆ. 1874ರ ಸುಮಾರಿನ ಕ್ಷಾಮದಲ್ಲಿ ತಂದೆಯೂ ತಾಯಿಯೂ ಅಕ್ಕನೂ ತೀರಿಕೊಂಡರು. ಉಳಿದವರು ಅಣ್ಣ ಶ್ರೀನಿವಾಸನೂ ರಮಾಬಾಯಿಯೂ ಮಾತ್ರ. ಇಬ್ಬರೂ ಭರತಖಂಡದ ಉದ್ದಗಲಕ್ಕೆ ಕಾಲ್ನಡೆಯಿಂದ ಅಲೆದರು. ಝೀಲಂ ನದಿಯ ದಡದಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಎರಡು ಗುಣಿಗಳನ್ನು ತೋಡಿ, ತಲೆಯೊಂದನ್ನುಳಿದು ಮೈಯನ್ನೆಲ್ಲ ಮರಳಿನಿಂದ ಮುಚ್ಚಿಕೊಂಡು ಅವರು ರಾತ್ರಿಯನ್ನು ಕಳೆದುದುಂಟು. ಆಶ್ರಯವಿಲ್ಲದ ತರುಣಿಯ ಪಾಡೇನೆಂಬುದನ್ನು ರಮಾಬಾಯಿಯವರು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

1878ರಲ್ಲಿ ಕಲ್ಕತ್ತೆಯ ಪಂಡಿತರು ಇವರ ವಿದ್ವತ್ತಿಗೆ ಬೆರಗಾಗಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನು ಗತಿಸಿದನು. ಅದೇ ವರ್ಷ ಬಂಗಾಲದ ವಕೀಲರಾದ ಬಿಪಿನ್ ಬಿಹಾರಿಯವರೊಡನೆ ವಿವಾಹವಾಯಿತು. 1882ರಲ್ಲಿ ಪತಿಯೂ ವಾಂತಿಭೇದಿಯಿಂದ ಮೃತರಾದರು. ಕೈಗೂಸು ಮನೋರಮೆಯೊಡನೆ ಪುಣೆಗೆ ಬಂದು, ಅಲ್ಲಿಂದ ಇಂಗ್ಲೆಂಡಿಗೆ ಹೋಗಿ, 1883ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಅಮೇರಿಕೆಯಲ್ಲಿ ಶಿಶುವಿಹಾರದ ಶಿಕ್ಷಣಕ್ರಮವನ್ನು ಅಭ್ಯಾಸಮಾಡಿ, ಹಿಂದೂ ವಿಧವೆಯರ ಸ್ಥಿತಿಯನ್ನು ಕುರಿತು ಗ್ರಂಥವೊಂದನ್ನು ಬರೆದರು. ಅಲ್ಲಿಯ ಸಹೃದಯರು ಹತ್ತು ವರ್ಷಗಳವರೆಗೆ ಧನಸಹಾಯ ಮಾಡಲು ಒಪ್ಪಿ ಸಂಘವನ್ನೂ ಕಟ್ಟಿದರು.

1889ನೆಯ ಇಸವಿ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಮರುವರ್ಷ ಪುಣೆಗೆ ಸಾಗಿತು. ಬಾಲವಿಧವೆಯರಿಗೆ ಅನ್ನ ಬಟ್ಟೆಗಳನ್ನು ಕೊಡುವುದಷ್ಟೇ ಅದರ ಉದ್ದೇಶವಲ್ಲ. ಅವರು ಉಪಾಧ್ಯಾಯಿನಿಯರಾಗಿ, ದಾದಿಯರಾಗಿ, ಯಾರ ಹಂಗೂ ಇಲ್ಲದೆ ಬಾಳಬೇಕೆಂಬುದು ಸಂಕಲ್ಪ. ಇಲ್ಲಿ ಓದಿದ ಗೋದೂಬಾಯಿ ಎಂಬ ವಿಧವೆಯನ್ನೇ ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ವಿವಾಹವಾದರು. ಅದೇ ವರ್ಷ ಹುಡುಗಿಯರನ್ನು ಮತಾಂತರಗೊಳಿಸುತ್ತಿರುವರೆಂಬ ಕೋಲಾಹಲವೆದ್ದು, ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಪೋಷಕರ ಅಂಜಿಕೆಯನ್ನು ನಾವು ಹಗುರವಾಗಿ ಕಾಣಲಾರೆವು. ಸದನದಲ್ಲಿ ಮತಬೋಧೆಯಿಲ್ಲವೆಂಬ ಭರವಸೆಯ ಮೇಲೆಯೇ ಅವರು ಮಕ್ಕಳನ್ನು ಕಳುಹಿಸಿದ್ದರು. ಆದರೂ ಹಾಗೆ ಹಿಂದಕ್ಕೆ ಹೋದ ಬಾಲೆಯರನ್ನು ನೆನೆದಾಗ ನಮ್ಮ ಮನಸ್ಸು ಮರುಗುತ್ತದೆ.

ಸಹಾಯದ ಅವಧಿಯು ಮುಗಿದ ಮೇಲೆ ಸದನವೂ ತನ್ನ ಕಾಲ ಮೇಲೆ ನಿಲ್ಲಬೇಕೆಂದು ರಮಾಬಾಯಿಯವರು ಪುಣೆಯ ಹತ್ತಿರ ಕೇಡಗಾಂವಿನಲ್ಲಿ ನೂರು ಎಕರೆಯಷ್ಟು ಭೂಮಿಯನ್ನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದ್ದರು. ಆ ಹೊಲವು ಬೇರೊಂದು ಕಾರ್ಯಕ್ಕೆ ಒದಗಿತು. 1896–97ರಲ್ಲಿ ಮಧ್ಯಪ್ರಾಂತದಲ್ಲಿ ಘೋರ ಕ್ಷಾಮವು ತಲೆದೋರಲು, ಅವರು ಸ್ವತಃ ಹೋಗಿ ಅನಾಥ ಬಾಲಿಕೆಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಕಾರಣ ಹೊಸಬರನ್ನಿರಿಸಿಕೊಳ್ಳಲು ಅಧಿಕಾರಿಗಳು ಅಡ್ಡಿಪಡಿಸಿದುದರಿಂದ ಕೇಡಗಾಂವಿನ ಬಯಲೇ ಗತಿಯಾಯಿತು. ಸುಮಾರು 300 ಮಂದಿ! ಎಲುಬಿನ ಹಂದರದಂತಿದ್ದವರು, ಹುಣ್ಣು ತುಂಬಿದವರು, ತುತ್ತು ಕಂಡೊಡನೆ ಕಸಿದುಕೊಳ್ಳುವವರು. ಇವರನ್ನು ಮೀಯಿಸಿ, ಉಣ್ಣಿಸಿ, ಅಕ್ಷರ ಕಲಿಸಿದವರಲ್ಲಿ ಶಾರದಾ ಸದನದ ಹಿರಿಯ ವಿದ್ಯಾರ್ಥಿನಿಯರೂ ಇದ್ದರು. ಹಳೆಯ ವಿದ್ಯಾರ್ಥಿನಿಯರಾದ ನಮ್ಮ ಸೋದರಿಯರು ಇದನ್ನು ಓದುವಾಗ ಕೊಂಚ ಹೆಮ್ಮೆಪಟ್ಟರೆ ತಪ್ಪಲ್ಲ.

ಈ ನೆಲೆಗೆ ಮುಕ್ತಿ ಎಂದು ಹೆಸರಾಯಿತು. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿದ್ದವರ ಸಂಖ್ಯೆಯು 2,000ಕ್ಕೆ ಸಮೀಪಿಸಿತು. ಇಷ್ಟು ಜನರನ್ನು ಸುಮ್ಮನೆ ಕೂರಿಸಿ ಉಣ್ಣಿಸಿದ್ದರೆ ಅನಾಥಾಲಯವು ಭಿಕ್ಷಾಶಾಲೆಯಾಗುತ್ತಿತ್ತು. ಬೆಳಗ್ಗೆ ಪಾಠವಾದರೆ ಮಿಕ್ಕ ಹೊತ್ತಿನಲ್ಲಿ ಕಸುಬು: ಮಗ್ಗದಲ್ಲಿ ನೇಯುವವರು ಕೆಲವರು, ಗಾಣದಲ್ಲಿ ಎಣ್ಣೆ ತೆಗೆಯುವವರು ಕೆಲವರು, ಹಸು ಸಾಕಿ ಹಾಲು ಕರೆಯುವವರು, ಹೊಲಿಯುವವರು, ತೋಟದಲ್ಲಿ ದುಡಿಯುವವರು. ಕುರುಡಿಯರಿಗೂ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನೂ ಬುಟ್ಟಿ ಹೆಣೆಯುವುದನ್ನೂ ಕಲಿಸಲಾಯಿತು. ಮೋಸಹೋದ ಸ್ತ್ರೀಯರಿಗಾಗಿ ಕೃಪಾ ಸದನವೆಂಬ ಬೇರೆ ಮನೆಯಿತ್ತು. ಊರು ಹೊಸಲು ತುಳಿಯಗೊಡದ ಅವರನ್ನೂ ದುಡಿದು ಬದುಕಲು ಅಣಿಗೊಳಿಸುತ್ತಿದ್ದರು.

ಮಗಳು ಮನೋರಮೆಯು ತಾಯಿಯ ಬಲಗೈಯಾಗಿದ್ದಳು. 1912ರ ಸುಮಾರಿನಲ್ಲಿ ನಮ್ಮ ಕಲಬುರ್ಗಿಯಲ್ಲಿ ಕ್ರೈಸ್ತ ಶಾಲೆಯೊಂದನ್ನು ಸ್ಥಾಪಿಸಿದವಳು ಈಕೆಯೇ. ಸಂಸ್ಥೆಯ ಭಾರವನ್ನು ಹೊರಬೇಕಾಗಿದ್ದ ಆ ಮಗಳು 1921ರಲ್ಲಿ ತಾಯಿಗಿಂತ ಮೊದಲೇ ಕಣ್ಮುಚ್ಚಿದಳು. ಆಗ ರಮಾಬಾಯಿಯವರಿಗೆ ಕಿವಿ ಮಂದವಾಗಿತ್ತು, ದೇಹ ಬಳಲಿತ್ತು. ಆದರೂ ಮೂಲಭಾಷೆಗಳನ್ನು ಕಲಿತು ಮರಾಠಿಗೆ ಮಾಡುತ್ತಿದ್ದ ಸತ್ಯವೇದದ ಭಾಷಾಂತರವನ್ನು ಬಿಡಲಿಲ್ಲ. 1922ನೆಯ ಇಸವಿ ಏಪ್ರಿಲ್ 5ರಂದು ಅವರು ದೈವಾಧೀನರಾದರು. ಆ ಗ್ರಂಥವು ಮುಕ್ತಿಯ ಅಚ್ಚುಕೂಟದಲ್ಲಿಯೇ ಮುದ್ರಿತವಾಯಿತು. ಅಲ್ಲಿ ಮೊಳೆಗಳನ್ನು ಜೋಡಿಸಿ, ಅಚ್ಚುಹಾಕಿ, ಹಾಳೆಗಳನ್ನು ಮಡಿಸಿ ಹೊಲಿಯುತ್ತಿದ್ದವರು ಒಮ್ಮೆ ನೆಲೆಯಿಲ್ಲದೆ ಬಂದಿದ್ದ ಆ ಬಾಲೆಯರೇ.